ಹದಿನೈದು ದಿನದ ಮುದ್ದತು

ಇಂಗ್ಲಿಷಿನಲ್ಲಿ ‘ಈಗಲೇ’ ಎನ್ನುವುದಕ್ಕೆ ಮೂರು ದರ್ಜೆಗಳಿವೆ ಎಂಬುದನ್ನು ನಾನು ಕಲಿತದ್ದು ಯಾವ ಶಾಲೆಯಲ್ಲೂ ಅಲ್ಲ, ಬೀದರಿನ ಒಂದು ಕಚೇರಿಯಲ್ಲಿ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಮೊದಲ ಚಳಿಗಾಲ ಅದು. ಸಾಹೇಬರು ಜವಾನನಿಗೆ ಹೇಳುವಾಗ ‘ಅಟ್ ಒನ್ಸ್’ ಎನ್ನುತ್ತಿದ್ದರು. ತಾಲೂಕು ಕಚೇರಿಗಳಿಗೆ ಬರೆಸುವಾಗ ‘ಇಮ್ಮೀಡಿಯೆಟ್ಲಿ’. ಬೆಂಗಳೂರಿನಿಂದ ಅವರಿಗೇ ಬರುವ ಕಾಗದಗಳಲ್ಲಿ ‘ಫೋರ್ಥ್‌ವಿತ್’. ಡಿಕ್ಷನರಿಯಲ್ಲಿ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ. ಕಚೇರಿಯಲ್ಲಿ ಮಾತ್ರ ಅಟ್ ಒನ್ಸ್ ಅಂದರೆ ಚಹಾ ಬರುತ್ತಿತ್ತು, ಇಮ್ಮೀಡಿಯೆಟ್ಲಿ ಅಂದರೆ ಎಂಟು ದಿನಕ್ಕೆ ಉತ್ತರ ಬರುತ್ತಿತ್ತು, ಫೋರ್ಥ್‌ವಿತ್ ಅಂದರೆ ಸಾಹೇಬರ ಹಣೆಯ ಮೇಲೆ ಬೆವರು ಬರುತ್ತಿತ್ತು. ನಾನು ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ.

ಆ ಕಚೇರಿಯಲ್ಲಿ ನಾನು ಅನುವಾದಕ. ಹುದ್ದೆಯ ಹೆಸರು ದೊಡ್ಡದು, ನನ್ನ ವಯಸ್ಸು ಇಪ್ಪತ್ತೊಂದು. ಜನವಾಡದಲ್ಲಿ ನಮ್ಮ ಅಪ್ಪ ಕುರಿ ಸಾಕಿಕೊಂಡು, ಇದ್ದಷ್ಟು ಒಣಬೇಸಾಯದ ಹೊಲ ಮಾಡಿಕೊಂಡು ಇದ್ದ. ನಾನು ಉರ್ದು ಶಾಲೆಯಲ್ಲಿ ಕಲಿತು, ಇಂಗ್ಲಿಷಿನ ಹುಚ್ಚು ಹತ್ತಿಸಿಕೊಂಡು, ಹೇಗೋ ಮೆಟ್ರಿಕ್ ಪಾಸಾದವನು. ನಿಜಾಮರ ಕಾಲದ ಕಾಗದಪತ್ರಗಳೆಲ್ಲ ಉರ್ದುವಿನಲ್ಲಿದ್ದವು, ಹೊಸ ರಾಜ್ಯದವರಿಗೆ ಅವು ಇಂಗ್ಲಿಷಿನಲ್ಲಿ ಬೇಕಿದ್ದವು. ಎರಡನ್ನೂ ಓದಬಲ್ಲವರು ಸಿಗುವುದು ಕಷ್ಟವಿದ್ದುದರಿಂದ ನನ್ನಂಥವನಿಗೂ ಒಂದು ಕುರ್ಚಿ ಸಿಕ್ಕಿತು. ನನ್ನ ನೇಮಕದ ಆದೇಶದಲ್ಲಿ ಎರಡು ಮಾತುಗಳಿದ್ದವು. ಒಂದು ‘ಟೆಂಪರರಿ’, ಇನ್ನೊಂದು ‘ಅಂಟಿಲ್ ಫರ್ದರ್ ಆರ್ಡರ್ಸ್’. ಮುಂದಿನ ಹುಕುಂ ಬರುವ ತನಕ. ಮೊದಲನೆಯದು ಕೆಲಸ ಮುಗಿಯುತ್ತದೆ ಎಂದು ಹೇಳುತ್ತಿತ್ತು, ಎರಡನೆಯದು ಯಾವಾಗ ಮುಗಿಯುತ್ತದೆ ಎಂದು ಹೇಳುವುದಿಲ್ಲ ಎನ್ನುತ್ತಿತ್ತು. ಮೊದಲನೆಯದಕ್ಕಿಂತ ಎರಡನೆಯದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು.

ಊರಿಗೆ ಹೋದಾಗಲೆಲ್ಲ ಅಪ್ಪ ಕೇಳುತ್ತಿದ್ದುದು ಒಂದೇ ಮಾತು.

“ನೌಕರಿ ಖಾಯಂ ಆತೇನು?”

“ಇನ್ನೂ ಇಲ್ಲ. ಆಗ್ತಾದ.”

“ಯಾವಾಗ?”

ಅದಕ್ಕೆ ಇಂಗ್ಲಿಷಿನಲ್ಲಿ ಚೆಂದದ ಉತ್ತರವೊಂದಿತ್ತು: ‘ಇನ್ ಡ್ಯೂ ಕೋರ್ಸ್’. ಆಗಬೇಕಾದ ಹೊತ್ತಿಗೆ ಆಗುತ್ತದೆ, ಯಾರೂ ಕೇಳಬಾರದು. ಅಪ್ಪನಿಗೆ ಅದನ್ನು ಕನ್ನಡದಲ್ಲಿ ಹೇಳುವ ಬಗೆ ನನಗೆ ತಿಳಿಯಲಿಲ್ಲ. ಆತ ಮಳೆಯ ಹೆಸರು ಹೇಳಿ ಕಾಲ ಎಣಿಸುವ ಮನುಷ್ಯ. ರೋಹಿಣಿ ಮುಗಿಯುವುದರೊಳಗೆ ಅಂದರೆ ರೋಹಿಣಿ ಮುಗಿಯುವುದರೊಳಗೇ. ಮಗ ಕುರ್ಚಿಯ ಮೇಲೆ ಕೂಡುತ್ತಾನೆ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದ. ಆ ಕುರ್ಚಿ ನಾಳೆ ಇರುತ್ತದೋ ಇಲ್ಲವೋ ಎಂಬುದನ್ನು ಅವನಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ಕಚೇರಿಯಲ್ಲಿ ನನಗೆ ಆಸರೆಯಾಗಿದ್ದವರು ಒಬ್ಬ ಪೇಶ್ಕಾರರು. ಸಾಹೇಬರ ಮುಂದೆ ಕಡತಗಳನ್ನು ಓದಿ ಹೇಳುವ ಹಳೆಯ ಗುಮಾಸ್ತರು. ಕುತ್ತಿಗೆಯ ತನಕ ಗುಂಡಿ ಹಾಕಿದ ಶೇರವಾನಿ, ಕಪ್ಪು ಟೋಪಿ, ನೆಟ್ಟಗೆ ನಡೆಯುವ ಗತ್ತು. ಮನೆ, ಹೆಂಡತಿ ಎಲ್ಲ ಭಾಲ್ಕಿಯಲ್ಲಿ. ಬೀದರಿನಲ್ಲಿ ಮೈಲೂರಿನ ಒಂದು ಬಾಡಿಗೆ ಖೋಲಿಯಲ್ಲಿದ್ದುಕೊಂಡು ಶನಿವಾರ ರೈಲು ಹತ್ತಿ ಭಾಲ್ಕಿಗೆ ಹೋಗಿ ಸೋಮವಾರ ಬರುತ್ತಿದ್ದರು. ಇಪ್ಪತ್ತು ವರ್ಷದಿಂದ ಹೀಗೇ ನಡೆದಿತ್ತು. ಅವರ ಉರ್ದು ಕೇಳಲು ಜನ ಬಾಗಿಲಲ್ಲಿ ನಿಲ್ಲುತ್ತಿದ್ದ ಕಾಲವೊಂದಿತ್ತಂತೆ. ಈಗ ಅದೇ ಬಾಗಿಲಲ್ಲಿ ಅವರು ಇಂಗ್ಲಿಷ್ ಕಾಗದ ಹಿಡಿದುಕೊಂಡು ನನಗಾಗಿ ಕಾಯುತ್ತಿದ್ದರು. ಅದರಲ್ಲಿ ಅವರಿಗೆ ನಾಚಿಕೆಯಿರಲಿಲ್ಲ. ನನಗೆ ಸ್ವಲ್ಪ ಜಂಬವಿತ್ತು, ಸುಳ್ಳು ಹೇಳಬಾರದು.

ಮಧ್ಯಾಹ್ನ ಬುತ್ತಿ ಬಿಚ್ಚಿದ ಮೇಲೆ ನಮ್ಮ ಪಾಠ ನಡೆಯುತ್ತಿತ್ತು. ನಾನು ಇಂಗ್ಲಿಷ್ ಶಬ್ದ ಹೇಳುವುದು, ಅವರು ಅದಕ್ಕೆ ತಮ್ಮ ಉರ್ದು ಶಬ್ದವನ್ನು ಪಕ್ಕದಲ್ಲಿಟ್ಟು ತೂಗಿ ನೋಡುವುದು. ಬೇರೆ ಶಬ್ದಗಳು ಬೇಗ ಮುಗಿಯುತ್ತಿದ್ದವು, ಕಾಲಕ್ಕೆ ಸಂಬಂಧಪಟ್ಟವು ಮಾತ್ರ ಮುಗಿಯುತ್ತಿರಲಿಲ್ಲ. ಟೆಂಪರರಿ, ಪ್ರೊವಿಜನಲ್, ಆಫಿಶಿಯೇಟಿಂಗ್ ಮೂರಕ್ಕೂ ಅವರ ಬಳಿ ‘ಹಂಗಾಮಿ’ ಎಂಬ ಒಂದೇ ಶಬ್ದವಿತ್ತು. ಪ್ರೊವಿಜನಲ್ ಅಂದರೆ ಸದ್ಯಕ್ಕೆ ಹೀಗಿದೆ, ಯಾರಾದರೂ ತಕರಾರು ಮಾಡಿದರೆ ಬದಲಾಗುತ್ತದೆ, ಮಾಡದಿದ್ದರೆ ಇದೇ ಪಕ್ಕಾ ಎಂದು ನಾನು ಬಿಡಿಸಿ ಹೇಳಿದೆ. ಅವರು ತಲೆದೂಗಿದರು. ಆ ದಿನ ಆ ವಿವರಣೆ ಕೊಟ್ಟದ್ದು ನನಗೆ ಚೆನ್ನಾಗಿ ನೆನಪಿದೆ.

ಇನ್ನೊಂದು ದಿನ ‘ಮುದ್ದತು’ ಬಂತು. ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ಅವರು ಕೇಳಿದರು. ನಾನು ನಾಲ್ಕು ಶಬ್ದ ಮುಂದಿಟ್ಟೆ. ಪೀರಿಯಡ್ ಅಂದರೆ ಎರಡು ತುದಿಯೂ ಗೊತ್ತಿರುವ ಕಾಲ. ಟರ್ಮ್ ಅಂದರೆ ಕರಾರಿನಲ್ಲಿ ಮೊದಲೇ ಗೊತ್ತುಮಾಡಿಟ್ಟದ್ದು. ಸ್ಪೆಲ್ ಅಂದರೆ ನಡುವೆ ಸ್ವಲ್ಪ ದಿನ ಬಂದು ಹೋಗುವಂಥದ್ದು, ಜ್ವರ, ಜಿಟಿಜಿಟಿ ಮಳೆ, ನನ್ನ ನೌಕರಿ. ಟೆನ್ಯೂರ್ ಅಂದರೆ ಒಬ್ಬ ಮನುಷ್ಯ ಒಂದು ಕುರ್ಚಿಯ ಮೇಲೆ ಅಧಿಕಾರದಿಂದ ಕೂತಿರುವ ಕಾಲ.

“ನಮ್ಮ ಒಂದು ಮುದ್ದತಿಗಿ ಇವರು ನಾಕು ಹೆಸರು ಇಟ್ಟಾರ ನೋಡು,” ಎಂದರು. ಆಮೇಲೆ ಕೇಳಿದರು, “ತಮ್ಮಾ, ಬರೇ ಹತ್ತು ತಿಂಗಳು ಕೂತ್ರ ಅದಕ್ಕೂ ಟೆನ್ಯೂರ್ ಅಂತಾರೇನು?”

“ಅಂತಾರ ರಿ. ಎಷ್ಟು ದಿನ ಅನ್ನೂದು ಲೆಕ್ಕಿಲ್ಲ, ಕುರ್ಚಿ ನಿಮ್ದಿದ್ರ ಆತು.”

ಆಗ ಅವರು ಭಾಲ್ಕಿಯ ವಿಷಯ ಹೇಳಿದರು. ಹದಿನೆಂಟು ವರ್ಷದವರಿದ್ದಾಗ ಭಾಲ್ಕಿ ಕಚೇರಿಯಲ್ಲಿ ಅವರು ಉಮೇದವಾರರು, ಅಂದರೆ ಸಂಬಳವಿಲ್ಲದೆ ಕೆಲಸ ಕಲಿಯುವವರು. ಅಲ್ಲಿ ಉಮೇದವಾರ ಕೂಡುವಂತಿರಲಿಲ್ಲ. ಮೂರು ವರ್ಷ ಶಿರಸ್ತೇದಾರರ ಕುರ್ಚಿಯ ಪಕ್ಕದಲ್ಲಿ ನಿಂತೇ ಬರೆದಿದ್ದರು. ಈಗ ಅಲ್ಲಿದ್ದ ಶಿರಸ್ತೇದಾರರು ಬರುವ ಮಳೆಗಾಲಕ್ಕೆ ನಿವೃತ್ತರಾಗುವವರಿದ್ದರು. ಜ್ಯೇಷ್ಠತೆಯ ಸರದಿಯಲ್ಲಿ ಮುಂದಿನ ಹೆಸರು ಇವರದೇ. ಇವರ ಸ್ವಂತ ನಿವೃತ್ತಿ ಅದರ ಮುಂದಿನ ಬೇಸಿಗೆಗೆ. ನಡುವೆ ಹತ್ತು ತಿಂಗಳು ಉಳಿಯುತ್ತಿತ್ತು. ಆ ಹತ್ತು ತಿಂಗಳು ತಮ್ಮ ಊರಿನಲ್ಲಿ, ತಮ್ಮ ಮನೆಯಿಂದ ನಡೆದುಹೋಗಿ, ಆ ಕುರ್ಚಿಯಲ್ಲಿ ಕೂಡಬೇಕು. ಅವರಿಗೆ ಬೇಕಿದ್ದುದು ಅಷ್ಟೇ. ಹೆಂಡತಿಗೆ ಆಗಲೇ ಹೇಳಿಯೂ ಆಗಿತ್ತು.

ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಫೋರ್ಥ್‌ವಿತ್ ಬಂತು. ಜಿಲ್ಲೆಯ ಹಳೆಯ ನೌಕರರೆಲ್ಲರ ಹುಟ್ಟಿದ ತಾರೀಖು, ನೌಕರಿಗೆ ಸೇರಿದ ತಾರೀಖು, ನಡುವೆ ಗೈರುಹಾಜರಿ ಇದ್ದರೆ ಅದರ ತಾರೀಖು, ನಿವೃತ್ತಿಯ ತಾರೀಖು ಇಂಗ್ಲಿಷಿನಲ್ಲಿ ಪಟ್ಟಿ ಮಾಡಿ ಕಳಿಸಬೇಕು. ಉರ್ದು ರಿಜಿಸ್ಟರುಗಳಲ್ಲಿ ತಾರೀಖುಗಳೆಲ್ಲ ಫಸಲಿಯಲ್ಲಿದ್ದವು. ಫಸಲಿ ಅಂದರೆ ನಿಜಾಮರ ಸರಕಾರದ ಪಂಚಾಂಗ. ಅದರ ವರ್ಷ ಅಕ್ಟೋಬರದಲ್ಲಿ ಶುರುವಾಗುತ್ತದೆ, ಆಜುರ್, ದೈ, ಬಹಮನ್ ಎಂದು ತಿಂಗಳ ಹೆಸರುಗಳೂ ಬೇರೆ. ಫಸಲಿ ವರ್ಷಕ್ಕೆ ಐದುನೂರಾ ತೊಂಬತ್ತು ಕೂಡಿಸಿದರೆ ಇಂಗ್ಲಿಷ್ ವರ್ಷ. ತಿಂಗಳು ಜನವರಿ ಅಥವಾ ಅದರ ಆಚೆಯದಾದರೆ ಇನ್ನೊಂದು ಕೂಡಿಸಬೇಕು, ಯಾಕೆಂದರೆ ಅಷ್ಟರಲ್ಲಿ ಇಂಗ್ಲಿಷಿನವರು ಹೊಸ ವರ್ಷಕ್ಕೆ ಹೋಗಿರುತ್ತಾರೆ. ಇದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಲೆಕ್ಕ. ನನಗೂ ಗೊತ್ತಿತ್ತು, ಪೇಶ್ಕಾರರಿಗೂ ಗೊತ್ತಿತ್ತು.

ಆದರೆ ನಮ್ಮ ಕಚೇರಿಯಲ್ಲಿ ಪಟ್ಟಿ ಮಾಡುವ ರೀತಿಯೇ ಬೇರೆ. ಒಬ್ಬೊಬ್ಬರದೇ ಸಾಲು ಪೂರ್ತಿ ಬರೆದು ಮುಂದೆ ಹೋಗುತ್ತಿರಲಿಲ್ಲ, ಒಂದು ಕಾಲಂ ಹಿಡಿದರೆ ಮೇಲಿನಿಂದ ಕೆಳಗಿನ ತನಕ ಅದನ್ನೇ ತುಂಬುವುದು. ಒಬ್ಬರು ಓದುವುದು, ಒಬ್ಬರು ಬರೆಯುವುದು. ಹಾಗೆ ಮಾಡಿದರೆ ಕೈ ಕೂಡುತ್ತದೆ, ಬೇಗ ಮುಗಿಯುತ್ತದೆ ಎಂದು ಹಳಬರ ನಂಬಿಕೆ, ಅದು ನಿಜ ಕೂಡ. ಮೊದಲ ದಿನ ಪೇಶ್ಕಾರರು ರಿಜಿಸ್ಟರುಗಳಿಂದ ವರ್ಷಗಳನ್ನಷ್ಟೇ ಓದುತ್ತ ಹೋದರು, ನಾನು ಐದುನೂರಾ ತೊಂಬತ್ತು ಕೂಡಿಸುತ್ತ ಬರೆಯುತ್ತ ಹೋದೆ. ಸಂಜೆ ಹೊತ್ತಿಗೆ ಕಾಲಂ ತುಂಬಿತು.

“ನಾಳೆ ತಿಂಗಳು ಹಾಕ್ಕೋತ ಒಂದೊಂದು ಹೆಚ್ಚು ಮಾಡ್ಬೇಕಾದಲ್ಲಿ ಮಾಡೋಣು,” ಎಂದರು ಅವರು.

“ಹೌದ್ರಿ,” ಎಂದೆ.

ಮರುದಿನ ಅವರಿಗೆ ಕೋರ್ಟಿನ ಕೆಲಸ ಬಂತು. ತಿಂಗಳುಗಳನ್ನು ಓದಲು ಬೇರೊಬ್ಬ ಗುಮಾಸ್ತ ಕೂತ. ಸಾಹೇಬರು ಅರ್ಧ ಗಂಟೆಗೊಮ್ಮೆ ಬಂದು ಮೈಸೂರಿನ ಮೆತ್ತನೆಯ ದನಿಯಲ್ಲಿ “ಆಯ್ತೇನ್ರೀ? ಇವತ್ತೇ ಟಪಾಲಿಗೆ ಹೋಗ್ಬೇಕು ಕಣ್ರೀ,” ಎಂದು ಹೇಳಿ ಹೋಗುತ್ತಿದ್ದರು. ನಾನು ಗೋಡೆಯ ಮೇಲಿನ ತಿಂಗಳುಗಳ ತಖ್ತೆ ನೋಡಿ ತೀರ್ ಅಂದರೆ ಮೇ, ಮೆಹರ್ ಅಂದರೆ ಆಗಸ್ಟ್ ಎಂದು ಬರೆಯುತ್ತ ಹೋದೆ. ವರ್ಷದ ಕಾಲಮ್ಮಿಗೆ ತಿರುಗಿ ಹೋಗುವುದು ಮರೆತುಹೋಯಿತು. ಮರೆತದ್ದು ನಾನು, ಬೇರೆ ಯಾರೂ ಅಲ್ಲ. ಜನವರಿಯಿಂದ ಸೆಪ್ಟೆಂಬರ್ ನಡುವೆ ಹುಟ್ಟಿದ ಪ್ರತಿಯೊಬ್ಬರಿಗೂ ಆ ದಿನ ನಾನು ಒಂದು ವರ್ಷ ಹೆಚ್ಚು ವಯಸ್ಸು ಹಾಕಿದೆ.

ಜನವರಿಯಲ್ಲಿ ಪಟ್ಟಿ ಟೈಪಾಗಿ ನೋಟಿಸ್ ಬೋರ್ಡಿಗೆ ಬಂತು. ಮೇಲೆ ‘ಪ್ರೊವಿಜನಲ್’ ಎಂದಿತ್ತು. ತಕರಾರು ಇದ್ದವರು ಹದಿನೈದು ದಿನದೊಳಗೆ ಅರ್ಜಿ ಕೊಡಬೇಕು, ಆಮೇಲೆ ಬಂದದ್ದನ್ನು ನೋಡುವುದಿಲ್ಲ ಎಂದು ಕೆಳಗಿತ್ತು. ಯಾರೂ ತಕರಾರು ಮಾಡಲಿಲ್ಲ. ನಮ್ಮವರಿಗೆಲ್ಲ ತಾವು ಹುಟ್ಟಿದ ವರ್ಷ ಗೊತ್ತಿದ್ದುದು ಫಸಲಿಯಲ್ಲಿ ಮಾತ್ರ, ಇಂಗ್ಲಿಷಿನ ಆ ನಾಲ್ಕು ಅಂಕಿ ಅವರಿಗೆ ಬೇರೆಯವರ ಹೆಸರಿದ್ದ ಹಾಗೆ. ಪೇಶ್ಕಾರರು ಬೋರ್ಡಿನ ಮುಂದೆ ನಿಂತರು. ತಂತಿಯ ಜಾಳಿಗೆಯ ಹಿಂದೆ ಮಸುಕಾದ ಕಾರ್ಬನ್ ಪ್ರತಿ. ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿ ಕೈಬಿಟ್ಟರು.

“ನಂದು ಬರೋಬ್ಬರಿ ಅದ ಏನು ತಮ್ಮಾ?”

“ಅದ ರಿ,” ಎಂದೆ. ಆಗ ನಾನು ನಂಬಿಯೇ ಹೇಳಿದ್ದು.

ಮರುವಾರ ನನ್ನನ್ನು ಔರಾದಿಗೆ ಕಳಿಸಿದರು, ಅಲ್ಲಿಯ ಮೂಲ ರಿಜಿಸ್ಟರುಗಳನ್ನು ಪಟ್ಟಿಯೊಂದಿಗೆ ತಾಳೆ ನೋಡಿ ಬರಲು. ಬಸ್ಸು ಜನವಾಡದ ಮೇಲೆಯೇ ಹಾದುಹೋಗುತ್ತದೆ. ರಸ್ತೆಯ ಪಕ್ಕದ ಹೊಲದಲ್ಲಿ ಅಪ್ಪನ ಕುರಿಗಳು ಕಂಡವು, ಅಪ್ಪ ಕಾಣಲಿಲ್ಲ. ಔರಾದ ಕಚೇರಿಯಲ್ಲಿ ಒಬ್ಬ ಜವಾನನ ರಿಜಿಸ್ಟರು ತೆಗೆದೆ. ಭಾರತದ ಸೈನ್ಯ ನಿಜಾಮರ ರಾಜ್ಯಕ್ಕೆ ನುಗ್ಗಿದ ಪೊಲೀಸ್ ಆಕ್ಷನ್ ಆದಾಗ ಅವನು ಹೆದರಿ ಊರು ಬಿಟ್ಟು ಹೋಗಿದ್ದನಂತೆ, ಆ ಗೈರುಹಾಜರಿಯ ನಮೂದು ಅದರಲ್ಲಿತ್ತು. ಪಕ್ಕದಲ್ಲಿ ನಾನು ತಂದಿದ್ದ, ನನ್ನದೇ ಕೈಬರಹದ ಇಂಗ್ಲಿಷ್ ಪ್ರತಿ. ತಿಂಗಳು ಸೆಪ್ಟೆಂಬರ್, ವರ್ಷ ನಲವತ್ತೇಳು.

ನಾನು ಎರಡು ಸಲ ಓದಿದೆ. ನಲವತ್ತೇಳರಲ್ಲಿ ಸ್ವಾತಂತ್ರ್ಯ ಬಂದದ್ದು ದೇಶದ ಉಳಿದವರಿಗೆ. ನಮಗೆ ಬಂದದ್ದು ನಲವತ್ತೆಂಟರಲ್ಲಿ. ಬೀದರ ಜಿಲ್ಲೆಯಲ್ಲಿ ಹುಟ್ಟಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಉಳಿದವರಿಗಿಂತ ಒಂದು ವರ್ಷ ತಡವಾಗಿ ಬಂದ ನಮ್ಮ ಸೆಪ್ಟೆಂಬರನ್ನು ನಾನು ಕೂತಲ್ಲೇ ಒಂದು ವರ್ಷ ಹಿಂದಕ್ಕೆ ದೂಡಿದ್ದೆ. ಅಲ್ಲಿಂದ ಬೆರಳು ವರ್ಷದ ಕಾಲಮ್ಮಿನ ಮೇಲೆ ಹೋಯಿತು. ಮೇಲಿನಿಂದ ಕೆಳಗಿನ ತನಕ ನೋಡಿದೆ. ಉಳಿದವರ ನಿವೃತ್ತಿಗೆ ಇನ್ನೂ ಹತ್ತು, ಹದಿನೈದು, ಇಪ್ಪತ್ತು ವರ್ಷ ಇತ್ತು, ಅಷ್ಟರೊಳಗೆ ಯಾರಾದರೂ ನೋಡಿ ಸರಿಮಾಡಬಹುದು. ಪೇಶ್ಕಾರರ ಹುಟ್ಟಿದ ತಿಂಗಳು ತೀರ್, ಅಂದರೆ ಮೇ. ನನ್ನ ಪಟ್ಟಿಯ ಪ್ರಕಾರ ಅವರಿಗೆ ನಿವೃತ್ತಿಯ ವಯಸ್ಸಾದ ಐವತ್ತೈದು ತುಂಬುವುದು ಬರುವ ಮೇ ತಿಂಗಳಲ್ಲಿ. ಭಾಲ್ಕಿಯ ಕುರ್ಚಿ ಖಾಲಿಯಾಗುವುದಕ್ಕೆ ಮೊದಲೇ ಅವರು ಮನೆಗೆ ಹೋಗಬೇಕು. ತಕರಾರಿನ ಮುದ್ದತು ಮುಗಿಯಲು ಇನ್ನೂ ಆರು ದಿನ ಇತ್ತು.

ಔರಾದಿನಿಂದ ಮರಳುವಾಗ ಹೋದ ಕೂಡಲೇ ಸಾಹೇಬರ ಮುಂದೆ ನಿಂತು ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಬೀದರಿಗೆ ಬಂದು ನೋಡಿದರೆ ಕಚೇರಿ ಗಪ್ಪಾಗಿತ್ತು. ಒಬ್ಬ ಟೈಪಿಸ್ಟನನ್ನು ಆ ಬೆಳಿಗ್ಗೆ ಮನೆಗೆ ಕಳಿಸಿದ್ದರು. ಬೆಂಗಳೂರಿಗೆ ಹೋದ ಕಾಗದದಲ್ಲಿ ಒಂದು ಪುಟ ಬಿಟ್ಟುಹೋಗಿತ್ತಂತೆ. ಅವನ ಆದೇಶದಲ್ಲಿಯೂ ನನ್ನ ಆದೇಶದಲ್ಲಿದ್ದ ಅವೇ ಎರಡು ಮಾತುಗಳಿದ್ದವು. ಮುಂದಿನ ಹುಕುಂ ಬಂದಿತ್ತು, ಅಷ್ಟೇ. ನನ್ನನ್ನು ಖಾಯಂ ಮಾಡುವ ಕಡತ ಸಾಹೇಬರ ಮೇಜಿನ ಮೇಲಿದೆ ಎಂದು ಯಾರೋ ಅದೇ ದಿನ ಹೇಳಿದರು.

ಆ ಶನಿವಾರ ಪೇಶ್ಕಾರರ ಜೊತೆ ಗಾಂಧಿ ಗಂಜಿನ ಧಾನ್ಯದ ಪೇಟೆಯ ತನಕ ನಡೆದು ಬಂದೆ. ಹೊಸ ತೊಗರಿಯ ಚೀಲಗಳನ್ನು ಇಳಿಸುತ್ತಿದ್ದ ಲಾರಿಗಳ ನಡುವೆ ದಾರಿ ಮಾಡಿಕೊಂಡು ಹೋಗಬೇಕಿತ್ತು. ಹಮಾಲರು ಅವರಿಗೆ ಸಲಾಂ ಮಾಡಿ ಸರಿಯುತ್ತಿದ್ದರು. ಅವರಿಗೇ ಮೊದಲು ಹೇಳಿ, ಅವರೇ ಒಂದು ಅರ್ಜಿ ಕೊಡುವ ಹಾಗೆ ಮಾಡಿದರೆ ನನ್ನ ಹೆಸರು ಅಷ್ಟು ಎದ್ದು ಕಾಣಲಿಕ್ಕಿಲ್ಲ ಎಂದು ಯೋಚಿಸಿದ್ದೆ. ಬಾಯಿ ತೆಗೆಯಲೂ ಹೊರಟಿದ್ದೆ.

“ಮನ್ಯಾಗ ಹೇಳ್ಯಾಳ,” ಎಂದು ಅವರೇ ಶುರು ಮಾಡಿದರು, “ಕಚೇರಿ ಮನಿ ಬಾಜೂಕೇ ಆದ್ರ ದಿನಾ ಮಧ್ಯಾಹ್ನ ಬಿಸಿ ರೊಟ್ಟಿ ಮಾಡ್ತೇನಿ ಅಂತ. ಇಪ್ಪತ್ತು ವರ್ಷ ಆತು ತಮ್ಮಾ, ವಾರದ ದಿನ ನಾ ಮನ್ಯಾಗ ಉಂಡಿಲ್ಲ.”

“ಆಗ್ತಾದ ರಿ,” ಎಂದೆ.

ಸೋಮವಾರ ಹೇಳುತ್ತೇನೆ ಎಂದುಕೊಂಡೆ. ಸೋಮವಾರ ಅವರು ರೈಲಿನಿಂದ ದಣಿದು ಬಂದಿದ್ದರು. ಮಂಗಳವಾರ ಸಾಹೇಬರ ಮುಖ ಸರಿಯಿರಲಿಲ್ಲ. ನೋಟ್‌ಬುಕ್ಕಿನಲ್ಲಿ ನಾನು ಸೂನ್, ಶಾರ್ಟ್ಲಿ, ಪ್ರೆಸೆಂಟ್ಲಿ ಎಂಬ ಮೂರು ಶಬ್ದಗಳ ಅಂತರ ಬರೆದಿದ್ದೆ. ಸೂನ್ ಅನ್ನುವವನಿಗೆ ಮನಸ್ಸಿದೆ, ದಿನ ಗೊತ್ತಿಲ್ಲ. ಶಾರ್ಟ್ಲಿ ಅನ್ನುವವನಿಗೆ ದಿನವೂ ಗೊತ್ತಿದೆ, ಹೇಳುವುದಿಲ್ಲ. ಪ್ರೆಸೆಂಟ್ಲಿ ಅನ್ನುವವನು ಕೇಳಿದವನನ್ನು ಎದುರಿನಿಂದ ಕಳಿಸಿದರೆ ಸಾಕು ಎಂದಿರುತ್ತಾನೆ. ಆ ಆರು ದಿನಗಳಲ್ಲಿ ನಾನು ಮೂರನ್ನೂ ಬಳಸಿದೆ. ಎಲ್ಲವನ್ನೂ ನನಗೇ ಹೇಳಿಕೊಂಡದ್ದು. ಏಳನೆಯ ಬೆಳಿಗ್ಗೆ ಜವಾನ ಬೋರ್ಡಿನಿಂದ ಪಟ್ಟಿ ತೆಗೆದ. ನನಗೆ ಹಗುರವಾಯಿತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆ ಬೆಳಿಗ್ಗೆ ನನಗೆ ಹಗುರವಾದದ್ದು ನಿಜ.

ಮಾರ್ಚಿನಲ್ಲಿ ಅವರ ನಿವೃತ್ತಿಯ ನೋಟಿಸ್ ಬಂತು. ಅವರು ಕಾಗದ ಹಿಡಿದು ನನ್ನ ಮೇಜಿಗೆ ಬಂದರು. ಮುಖದಲ್ಲಿ ಸಿಟ್ಟಿರಲಿಲ್ಲ. ಇಂಥ ತಪ್ಪು ಆಗುವುದುಂಟು, ಸರಿಮಾಡಿದರಾಯಿತು ಎಂಬಂತೆ ಇದ್ದರು.

“ಒಂದು ವರ್ಷ ಎಲ್ಲೋ ತಪ್ಪ್ಯಾದ. ನನಗ ಇನ್ನೂ ಐವತ್ನಾಕು ತುಂಬ್ತಾದ. ನೋಡು.”

ನಾನು ನೋಡಿದ ಹಾಗೆ ಮಾಡಿದೆ. ಕಾಗದ ತಿರುಗಿಸಿದೆ. ಬೆರಳು ಮಡಿಚಿ ಎಣಿಸಿದೆ. “ಹೌದ್ರಿ. ತಿಂಗಳು ನೋಡಿ ಒಂದು ಕೂಡಿಸೂದು ಬಿಟ್ಟಾದ,” ಎಂದೆ.

“ನಾ ಅವತ್ತು ಕೋರ್ಟಿಗಿ ಹೋಗಬಾರದಿತ್ತು,” ಎಂದರು ಅವರು.

ಅವರ ಅರ್ಜಿಯನ್ನು ನಾನೇ ಇಂಗ್ಲಿಷಿನಲ್ಲಿ ಬರೆದೆ. ನನ್ನ ಬದುಕಿನಲ್ಲಿ ಅಷ್ಟು ಒಳ್ಳೆಯ ಇಂಗ್ಲಿಷನ್ನು ನಾನು ಮತ್ತೆ ಬರೆದಿಲ್ಲ. ಮೂರು ದಿನ ತಿದ್ದಿದೆ. ಫಸಲಿ ಲೆಕ್ಕವನ್ನು ಮಗುವಿಗೂ ತಿಳಿಯುವ ಹಾಗೆ ವಿವರಿಸಿದೆ. ಕಲಿತ ಶಬ್ದಗಳನ್ನೆಲ್ಲ ಅಲ್ಲಿ ಸುರಿದೆ, ಒಂದೊಂದನ್ನೂ ಅದರ ಸರಿಯಾದ ಜಾಗದಲ್ಲಿ. ತಪ್ಪು ಯಾರಿಂದ ಆಯಿತು ಎಂಬಲ್ಲಿ ಮಾತ್ರ ಇಂಗ್ಲಿಷಿನಲ್ಲಿ ಒಂದು ಸೌಕರ್ಯವಿದೆ, ಮಾಡಿದವನ ಹೆಸರಿಲ್ಲದೆಯೇ ವಾಕ್ಯ ಮುಗಿಸಬಹುದು. ಹಾಗೆ ಮುಗಿಸಿದೆ. ಪೇಶ್ಕಾರರು ಓದಿಸಿ ಕೇಳಿ, ಬಹಳ ಚಲೋ ಆಗ್ಯಾದ ಎಂದು ನನ್ನ ಬೆನ್ನು ತಟ್ಟಿದರು.

ಉತ್ತರ ಬರಲು ಏಪ್ರಿಲ್ ಕಳೆಯಿತು. ಎರಡೇ ಸಾಲು. ಪಟ್ಟಿ ಈಗ ‘ಫೈನಲ್’ ಆಗಿದೆ, ಈ ‘ಬಿಲೇಟೆಡ್’ ಹಂತದಲ್ಲಿ ಮನವಿಯನ್ನು ಪರಿಗಣಿಸಲು ಬರುವುದಿಲ್ಲ. ಲೇಟ್ ಅಂದರೆ ಹೊತ್ತು ಮೀರಿದ್ದು. ಬಿಲೇಟೆಡ್ ಅಂದರೆ ಹೊತ್ತಿದ್ದಾಗ ಬರಬೇಕಿತ್ತು, ಬರಲಿಲ್ಲ, ಅದು ನಿಮ್ಮದೇ ತಪ್ಪು ಎಂಬ ಆಪಾದನೆಯೂ ಸೇರಿದ್ದು. ಆ ಶಬ್ದ ಅವತ್ತು ನನಗೆ ಹೊಸದು. ಪೇಶ್ಕಾರರು ಅರ್ಥ ಕೇಳಿದರು. ತಡ ಆಗ್ಯಾದ ಅಂತಾರ ರಿ ಎಂದಷ್ಟೇ ಹೇಳಿದೆ.

ಮೇ ಕೊನೆಗೆ ಅವರು ಮೈಲೂರಿನ ಖೋಲಿ ಬಿಟ್ಟು ಭಾಲ್ಕಿಗೆ ಹೋದರು. ಜೂನಿನಲ್ಲಿ ನಾನು ಖಾಯಂ ಆದೆ. ಅಪ್ಪ ಊರಿನಲ್ಲಿ ಮರಿ ಕಡಿದು ಊಟ ಹಾಕಿಸಿದ. ಮುಂದೆ ಎಷ್ಟೋ ದಿನದ ಮೇಲೆ ಇನ್ನೊಬ್ಬ ಸಾಹೇಬರು ಬಂದರು. ಫಸಲಿ ತಾರೀಖುಗಳನ್ನೆಲ್ಲ ಮತ್ತೆ ತಾಳೆ ನೋಡಬೇಕೆಂದಾಗ ಆ ಕೆಲಸ ನನಗೇ ಬಂತು. ಉಳಿದವರೆಲ್ಲರ ವರ್ಷಗಳನ್ನು ಒಂದೊಂದಾಗಿ ಸರಿಮಾಡಿದೆ, ಈ ಸಲ ಸಾಲು ಸಾಲಾಗಿ. ನನ್ನ ಎಚ್ಚರಿಕೆಯನ್ನು ಮೆಚ್ಚಿ ಸಾಹೇಬರು ಕಡತದಲ್ಲಿ ಎರಡು ಮಾತು ಬರೆದರು. ನಿವೃತ್ತರಾಗಿ ಹೋದವರ ವಿಷಯ ಅದರಲ್ಲಿ ಬರುವಂತಿರಲಿಲ್ಲ.

ನಾನು ಖಾಯಂ ಆದ ವರ್ಷದ ಶ್ರಾವಣದಲ್ಲಿ ಪೇಶ್ಕಾರರು ಭಾಲ್ಕಿಗೆ ಊಟಕ್ಕೆ ಕರೆದರು. ಪಿಂಚಣಿಯ ಕಾಗದಗಳನ್ನು ತುಂಬಿಸಿಕೊಳ್ಳುವುದಿತ್ತು, ಜೊತೆಗೆ ನನ್ನ ನೌಕರಿ ಪಕ್ಕಾ ಆದ ಸಂತೋಷಕ್ಕೆ ಒಂದು ಊಟ. ರೈಲು ಇಳಿದು ಹೋದೆ. ಶೇರವಾನಿ ಇಲ್ಲದ ಅವರನ್ನು ಮೊದಲ ಸಲ ಕಂಡೆ. ಧೋತರ, ಬನಿಯನ್, ತಲೆಯ ಮೇಲೆ ಟೋಪಿಯೂ ಇಲ್ಲ. ಅವರ ಮನೆಯ ಕಟ್ಟೆಯಿಂದ ಕಚೇರಿಯ ಹೆಂಚು ಕಾಣುತ್ತಿತ್ತು. ಅಲ್ಲಿಗೆ ಹೊಸ ಶಿರಸ್ತೇದಾರರು ಬಂದು ಒಂದು ತಿಂಗಳಾಗಿತ್ತು. ಬಹಳ ಚಿಕ್ಕ ವಯಸ್ಸಿನವರು, ಒಳ್ಳೆಯವರು, ಹಳೆ ಉರ್ದು ಕಾಗದ ಓದಿಸಿಕೊಳ್ಳಲು ಆಗಾಗ ತಮ್ಮನ್ನು ಕರೆಯುತ್ತಾರೆ ಎಂದು ಹೇಳಿದರು.

“ಹೋದಾಗ ಕೂಡ್ತೀರಿಲ್ಲೋ?” ಎಂದೆ. ಯಾಕೆ ಕೇಳಿದೆನೋ.

“ಬೆಂಚ್ ಹಾಕ್ತಾರ,” ಎಂದರು.

ಒಳಗೆ ಚಾಪೆ ಹಾಕಿ ಕೂಡಿಸಿದರು. ಅವರ ಹೆಂಡತಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಮೊಸರು. ನಾವು ಎರಡು ತುತ್ತು ಉಂಡಿರಬೇಕು, ಆಕೆ ಬಡಿಯುವುದನ್ನು ನಿಲ್ಲಿಸದೆ ಕೇಳಿದರು.

“ಅಲ್ಲ ತಮ್ಮಾ, ಬ್ಯಾರೇರ್ದು ಇರ್ಲಿ. ಇವ್ರು ನಿನ್ನ ಸಂಗಾಟ ದಿನಾ ಕುಂದರ್ತಿದ್ರು. ಆ ಹದಿನೈದು ದಿನದಾಗ ನಿನ್ನ ಕಣ್ಣಿಗಾದ್ರೂ ಅದು ಬೀಳ್ಲಿಲ್ಲೇನು?”

ಕೇಳಿದ್ದರಲ್ಲಿ ಸಂಶಯವಿರಲಿ, ವ್ಯಂಗ್ಯವೂ ಇರಲಿಲ್ಲ. ತಿಂಗಳುಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಮಾತನ್ನು ಆಡಿಬಿಟ್ಟರು, ಅಷ್ಟೆ. ಪೇಶ್ಕಾರರಿಗೆ ಮಾತ್ರ ಮುಜುಗರವಾಯಿತು. ಮನೆಗೆ ಬಂದವನನ್ನು, ಊಟಕ್ಕೆ ಕೂತವನನ್ನು ಹೀಗೆ ಕೇಳುವುದು ಅವರ ರೀತಿಯಲ್ಲ.

“ಉಣ್ಣೋರಿಗಿ ಏನ್ ಕೇಳ್ತಿ,” ಎಂದು ಆಕೆಗೆ ಹೇಳಿ ನನ್ನ ಕಡೆ ತಿರುಗಿದರು. “ನೀನೇ ಹೇಳು ತಮ್ಮಾ, ಒಮ್ಮಿ ಕೇಳಿದ್ರ ಆಕಿಗೂ ಸಮಾಧಾನ ಆಗ್ತಾದ. ನಿನಗ ಯಾವಾಗ ಗೊತ್ತಾತು?”

ಹೇಳಿಬಿಡಲು ಅದಕ್ಕಿಂತ ಸುಲಭದ ಗಳಿಗೆ ನನಗೆ ಮತ್ತೆ ಸಿಗುವುದಿರಲಿಲ್ಲ. ನೌಕರಿ ಖಾಯಂ ಆಗಿತ್ತು, ಯಾರೂ ನನ್ನನ್ನು ಮನೆಗೆ ಕಳಿಸುತ್ತಿರಲಿಲ್ಲ. ಹೆದರಲು ಏನೂ ಉಳಿದಿರಲಿಲ್ಲ.

“ನೋಟಿಸ್ ಬಂದ ಮ್ಯಾಲ ರಿ,” ಎಂದೆ.

“ಕೇಳಿದಿಲ್ಲ?” ಎಂದರು ಅವರು ಹೆಂಡತಿಗೆ. “ಮೊದ್ಲೇ ಗೊತ್ತಿದ್ರ ಅಂವ ಸುಮ್ನ ಕೂಡ್ತಿದ್ನೇನು?”

ಆಕೆ ತಲೆಯಾಡಿಸಿದರು. ಕೇಳಿದ್ದಕ್ಕೆ ಕೆಡುಕೆನಿಸಿರಬೇಕು. ಹಂಚಿನ ಮೇಲಿದ್ದ ರೊಟ್ಟಿಯನ್ನು ತೆಗೆದು, ಗಂಡನಿಗೆ ಹಾಕದೆ, ಎದ್ದು ಬಂದು ನನ್ನ ತಾಟಿಗೆ ಹಾಕಿ ಮೇಲೊಂದಿಷ್ಟು ಬೆಣ್ಣೆ ಇಟ್ಟರು. ನಾನು ಅದನ್ನೂ ಉಂಡೆ.